ಯೊಕಿಚ್‌ಗೆ ಎಂವಿಪಿ ತಪ್ಪಿದ್ದು ಸರೀನಾ? 2024-25ರ ಎನ್‌ಬಿಎ ಪ್ರಶಸ್ತಿಗಳ ಚರ್ಚೆ

(ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳ ಹರಟೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಬೆಳಗಿನ ಐದೂವರೆ (ಶಿವಮೊಗ್ಗ), ಜೂನ್ 24, 2025

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ ಮುಗಿಯಿತು. ಅಲ್ಲಿ ಭಾನುವಾರ ರಾತ್ರಿ, ನಮಗೆ ಸೋಮವಾರ ಬೆಳಿಗ್ಗೆ. ಒಕ್ಲಹೋಮಾ ಸಿಟಿ ಥಂಡರ್ ಏಳನೇ ಪಂದ್ಯದಲ್ಲಿ ಇಂಡಿಯಾನಾ ಪೇಸರ್ಸ್ ತಂಡವನ್ನು ಸೋಲಿಸಿ ಕಪ್ ಎತ್ತಿತು. ಅವರ ಶೇ ಗಿಲ್ಜಸ್-ಅಲೆಕ್ಸಾಂಡರ್ ಫೈನಲ್‌ನ ಎಂವಿಪಿ (ಅತಿ ಹೆಚ್ಚು ಬೆಲೆಯ ಆಟಗಾರ) ಆದರು. ಅದರಲ್ಲಿ ನನಗೆ ಒಂದಿಷ್ಟೂ ತಕರಾರಿಲ್ಲ.

ನನ್ನ ತಕರಾರು ಮೇ 21ರಂದು ಘೋಷಣೆಯಾದ ಇನ್ನೊಂದು ಎಂವಿಪಿ ಬಗ್ಗೆ. ಅದು ಲೀಗ್ ಹಂತದ 82 ಪಂದ್ಯಗಳಿಗೆ ಕೊಡುವ ಪ್ರಶಸ್ತಿ. ಅದು ಡೆನ್ವರ್‌ನ ನಿಕೋಲಾ ಯೊಕಿಚ್‌ಗೆ ಸಿಗಬೇಕಿತ್ತು. ಒಂದು ತಿಂಗಳಿಂದ ಇದು ಮನಸ್ಸನ್ನು ಕೊರೆಯುತ್ತಿದೆ.

ಅಂಕಿ ನೋಡಿ. ಪಂದ್ಯಕ್ಕೆ ಸರಾಸರಿ 29.6 ಪಾಯಿಂಟ್, 12.7 ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು), 10.2 ಅಸಿಸ್ಟ್ (ಬುಟ್ಟಿಗೆ ಹಾಕಿದವನಿಗೆ ಕೊಟ್ಟ ಪಾಸ್). ಇಡೀ ಸೀಸನ್‌ಗೆ ಟ್ರಿಪಲ್-ಡಬಲ್ (ಮೂರರಲ್ಲೂ ಹತ್ತು ಅಥವಾ ಜಾಸ್ತಿ) ಸರಾಸರಿ ಇಟ್ಟವರು ಎನ್‌ಬಿಎ ಇತಿಹಾಸದಲ್ಲಿ ಮೂರೇ ಜನ: ಆಸ್ಕರ್ ರಾಬರ್ಟ್‌ಸನ್, ರಸಲ್ ವೆಸ್ಟ್‌ಬ್ರೂಕ್, ಈಗ ಯೊಕಿಚ್. ಸೆಂಟರ್ ಜಾಗದಲ್ಲಿ, ಅಂದರೆ ಬುಟ್ಟಿಯ ಹತ್ತಿರ ನಿಲ್ಲುವ ಎತ್ತರದವರ ಜಾಗದಲ್ಲಿ, ಆಡಿಕೊಂಡು ಇದನ್ನು ಮಾಡಿದವರು ಇವರೊಬ್ಬರೇ. ಪಾಯಿಂಟ್, ರೀಬೌಂಡ್, ಅಸಿಸ್ಟ್ ಮೂರೂ ಪಟ್ಟಿಯಲ್ಲಿ ಮೊದಲ ಮೂರರೊಳಗೆ ಇದ್ದರು. ಮಾರ್ಚ್ 7ರಂದು ಫೀನಿಕ್ಸ್ ಮೇಲೆ 31 ಪಾಯಿಂಟ್, 21 ರೀಬೌಂಡ್, 22 ಅಸಿಸ್ಟ್. ಒಂದೇ ಪಂದ್ಯದಲ್ಲಿ 30, 20, 20 ದಾಟಿದವರು ಅದಕ್ಕೂ ಮೊದಲು ಯಾರೂ ಇರಲಿಲ್ಲ. ಆವತ್ತು ನಾನು ಆಫೀಸಿಗೆ ತಡವಾಗಿ ಹೋದೆ. ಪಂದ್ಯ ಓವರ್‌ಟೈಮ್‌ಗೆ ಹೋಗಿತ್ತು, ಎದ್ದು ಹೋಗಲು ಮನಸ್ಸೇ ಬರಲಿಲ್ಲ.

ಈಗ ತಂಡ ನೋಡಿ. ಡೆನ್ವರ್‌ನಲ್ಲಿ ಯೊಕಿಚ್ ನಂತರದ ದೊಡ್ಡ ಹೆಸರು ಜಮಾಲ್ ಮರ್ರೆ. ಈ 2024-25ರ ಸೀಸನ್‌ವರೆಗೆ ಅವರು ಒಂದು ಸಲವೂ ಆಲ್-ಸ್ಟಾರ್ (ತಾರೆಯರ ಪ್ರದರ್ಶನ ಪಂದ್ಯಕ್ಕೆ ಆಯ್ಕೆ) ಆಗಿರಲಿಲ್ಲ. ಲೀಗ್ ಹಂತ ಮುಗಿಯಲು ಮೂರು ಪಂದ್ಯ ಇರುವಾಗ ಕೋಚ್ ಮೈಕಲ್ ಮಲೋನ್ ಅವರನ್ನೇ ತೆಗೆದರು. ಇಂಥ ತಂಡ 50 ಪಂದ್ಯ ಗೆದ್ದು ಪಶ್ಚಿಮ ವಿಭಾಗದಲ್ಲಿ ನಾಲ್ಕನೇ ಸ್ಥಾನಕ್ಕೆ ಬಂತು. ಯೊಕಿಚ್ ಬೆಂಚಿಗೆ ಹೋದ ಕೂಡಲೇ ಡೆನ್ವರ್ ಪಾಯಿಂಟ್ ಬಿಟ್ಟುಕೊಡುವುದನ್ನು ನಾವೆಲ್ಲ ಸೀಸನ್ ಪೂರ್ತಿ ನೋಡಿದ್ದೇವೆ.

ಪ್ರಶಸ್ತಿಯ ಹೆಸರಲ್ಲಿ ಇರುವ ಮಾತು ಬೆಲೆ. ತಂಡಕ್ಕೆ ಯಾರ ಬೆಲೆ ಜಾಸ್ತಿ ಅಂತ ಕೇಳುತ್ತಿದೆ. ಮನೆಯಲ್ಲಿ ಯಾರ ಬೆಲೆ ಎಷ್ಟು ಅನ್ನೋದು ಅವರು ನಾಲ್ಕು ದಿನ ಊರಿಗೆ ಹೋದಾಗ ಗೊತ್ತಾಗುತ್ತದೆ ಅಲ್ವಾ? ನನ್ನ ಲೆಕ್ಕ ಅಷ್ಟೇ. ಇದು ಅನ್ಯಾಯ. ನೀವೇನಂತೀರಿ?

ಗುಡುಗು (ಬೆಂಗಳೂರು), ಜೂನ್ 24

ಅಣ್ಣ, ನಾನು ಥಂಡರ್ ಕಡೆಯವನು, ಮೊದಲೇ ಹೇಳಿಬಿಡುತ್ತೇನೆ. 'ಅನ್ಯಾಯ' ಅನ್ನೋ ಮಾತು ನನಗೆ ನೋವು ಮಾಡಿತು.

ಶೇ 76 ಪಂದ್ಯ ಆಡಿದ. ಸರಾಸರಿ 32.7 ಪಾಯಿಂಟ್, ಲೀಗ್‌ನಲ್ಲೇ ಜಾಸ್ತಿ. 6.4 ಅಸಿಸ್ಟ್, 5 ರೀಬೌಂಡ್. ಅದರ ಮೇಲೆ 1.7 ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು), ಒಂದು ಬ್ಲಾಕ್ (ಶಾಟ್ ತಡೆಯುವುದು). ಗಾರ್ಡ್ (ಹೊರಗಿನಿಂದ ಚೆಂಡು ನಡೆಸುವವನು) ಆಗಿದ್ದುಕೊಂಡು ಹಾಕಿದ ಶಾಟ್‌ಗಳಲ್ಲಿ ಸುಮಾರು 52 ಶೇಕಡಾ ಬುಟ್ಟಿಗೆ ಹೋದವು. 76ರಲ್ಲಿ 75 ಪಂದ್ಯಗಳಲ್ಲಿ 20 ಅಥವಾ ಅದಕ್ಕಿಂತ ಜಾಸ್ತಿ ಪಾಯಿಂಟ್. ಒಂದು ರಾತ್ರಿ ಕೂಡ ಕೈಕೊಡಲಿಲ್ಲ ಅಂತಲೇ ಹೇಳಬೇಕು. ಜೊತೆಗೆ ಎದುರಾಳಿ ಗಾರ್ಡ್‌ಗಳನ್ನು ಹಿಡಿದು ನಿಲ್ಲಿಸುವ ಕೆಲಸವನ್ನೂ ಮಾಡಿದ. ನಿಮ್ಮ ಅಂಕಿಯಲ್ಲಿ ಡಿಫೆನ್ಸ್ ಎಲ್ಲಿದೆ ಅಣ್ಣ? ಅರ್ಧ ಆಟ ಆ ಕಡೆಯ ಬುಟ್ಟಿಯ ಹತ್ತಿರವೇ ನಡೆಯುತ್ತದೆ.

ಶೇ ತಂಡ ಚೆನ್ನಾಗಿತ್ತು ಅನ್ನಬಹುದು ನೀವು. ಚೆನ್ನಾಗಿತ್ತು, ನಿಜ. ಆದರೆ ಚೆಟ್ ಹೋಮ್‌ಗ್ರೆನ್ ಸೊಂಟದ ಮೂಳೆ ಮುರಿದುಕೊಂಡು ಆಡಿದ್ದೇ 32 ಪಂದ್ಯ. ಸೀಸನ್ ಶುರುವಿನಲ್ಲಿ ಹಾರ್ಟನ್‌ಸ್ಟೈನ್ ಕೈ ಮುರಿದಿತ್ತು. ಕೆಲವು ವಾರ ನಮ್ಮಲ್ಲಿ ಎತ್ತರದ ಆಟಗಾರರೇ ಇರಲಿಲ್ಲ. ಆಗಲೂ ಗೆಲ್ಲುತ್ತಿದ್ದೆವು. ಕೊನೆಗೆ 68 ಗೆಲುವು, 14 ಸೋಲು. ಪಂದ್ಯಕ್ಕೆ ಸರಾಸರಿ ಸುಮಾರು 12.9 ಪಾಯಿಂಟ್ ಅಂತರ. ಇಷ್ಟು ದೊಡ್ಡ ಅಂತರ ಎನ್‌ಬಿಎಯಲ್ಲಿ ಬೇರೆ ಯಾವ ತಂಡಕ್ಕೂ ಬಂದಿಲ್ಲ. ಆ ತಂಡದ ಆಟವೆಲ್ಲ ಹೊರಡುವುದು ಶೇ ಕೈಯಿಂದ.

ಇನ್ನೊಂದು ಮಾತು. ಒಳ್ಳೆ ಜೊತೆಗಾರರು ಇದ್ದಾರೆ ಅಂತ ಒಬ್ಬನ ಬೆಲೆ ಯಾಕೆ ಕಡಿಮೆ ಮಾಡಬೇಕು? ಡೆನ್ವರ್ ಬೆಂಚ್ ಸರಿಯಿಲ್ಲದಿದ್ದರೆ ಅದು ಡೆನ್ವರ್ ಮ್ಯಾನೇಜ್‌ಮೆಂಟ್ ತಪ್ಪು. ಅದಕ್ಕೆ ಯೊಕಿಚ್‌ಗೆ ಯಾಕೆ ಮಾರ್ಕ್ಸ್?

ಲೆಕ್ಕದ ಮೇಷ್ಟ್ರು (ಧಾರವಾಡ), ಜೂನ್ 24

ಇಬ್ಬರಿಗೂ ನಮಸ್ಕಾರ. ಮತ ಎಣಿಕೆಯನ್ನು ಒಮ್ಮೆ ನೋಡೋಣ. ಇದರಲ್ಲಿ ಒಂದು ಚೆಂದದ ವಿಷಯ ಇದೆ, ಯಾರೂ ಅದರ ಬಗ್ಗೆ ಮಾತಾಡುತ್ತಿಲ್ಲ.

ಮತ ಹಾಕಿದವರು 100 ಜನ ಪತ್ರಕರ್ತರು ಮತ್ತು ಕಾಮೆಂಟ್ರಿಯವರು. ಪ್ರತಿಯೊಬ್ಬರೂ ಐದು ಹೆಸರು ಬರೆಯಬೇಕು. ಮೊದಲನೆಯ ಹೆಸರಿಗೆ 10 ಅಂಕ, ಮುಂದಿನವಕ್ಕೆ 7, 5, 3, 1. ಶೇ ಅವರಿಗೆ ಬಂದ ಮೊದಲ ಸ್ಥಾನದ ಮತ 71, ಯೊಕಿಚ್ ಅವರಿಗೆ 29. ಒಟ್ಟು ಅಂಕ 913 ಮತ್ತು 787.

ಈಗ ಕೂಡಿ. 71ನ್ನು 10ರಿಂದ ಗುಣಿಸಿದರೆ 710. ಉಳಿದ 29 ಜನ ಎರಡನೇ ಸ್ಥಾನ ಕೊಟ್ಟರು ಅಂದುಕೊಂಡರೆ 29 ಏಳಲೆ 203. ಕೂಡಿದರೆ ಸರಿಯಾಗಿ 913. ಯೊಕಿಚ್ ಲೆಕ್ಕ: 290, ಅದಕ್ಕೆ 71 ಏಳಲೆ 497. ಕೂಡಿದರೆ 787. ಒಂದಂಕವೂ ಆಚೆ ಈಚೆ ಇಲ್ಲ. ಅಂದರೆ ಮತ ಹಾಕಿದ ನೂರಕ್ಕೆ ನೂರು ಜನರೂ ಈ ಇಬ್ಬರನ್ನೇ ಮೊದಲ ಎರಡು ಜಾಗದಲ್ಲಿ ಇಟ್ಟಿದ್ದಾರೆ. ಯಾರೊಬ್ಬರೂ ಯೊಕಿಚ್ ಅವರನ್ನು ಮೂರನೇ ಸ್ಥಾನಕ್ಕೆ ಇಳಿಸಿಲ್ಲ. ಮೂರನೆಯವರು ಮಿಲ್ವಾಕಿಯ ಯಾನಿಸ್ ಅಂಟೆಟೊಕುಂಪೊ, ಅವರಿಗೆ 470.

ಆದ್ದರಿಂದ 'ಅನ್ಯಾಯ' ಅನ್ನೋ ಪದ ಇಲ್ಲಿ ಕೂರುವುದಿಲ್ಲ ಅನಿಸುತ್ತದೆ. ಇಬ್ಬರೂ ಬಹಳ ದೊಡ್ಡವರು ಅಂತ ಎಲ್ಲರೂ ಒಪ್ಪಿದ್ದಾರೆ. ಯಾರು ಮೊದಲು ಅನ್ನೋದರಲ್ಲಿ ಮಾತ್ರ ಭಿನ್ನಾಭಿಪ್ರಾಯ. ನನ್ನ ಮತ ಕೇಳಿದರೆ ಐದೂವರೆ ಅವರ ಕಡೆ, ಅಂದರೆ ಯೊಕಿಚ್‌ಗೆ. ಆದರೆ ಕೂದಲೆಳೆ ಅಂತರದಲ್ಲಿ.

ಬೆಳಗಿನ ಐದೂವರೆ, ಜೂನ್ 24

ಮೇಷ್ಟ್ರೇ, ಈ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. 71ಕ್ಕೆ 29 ಅಂತ ನೋಡಿ ಯೊಕಿಚ್‌ನನ್ನು ಕಡೆಗಣಿಸಿದರು ಅಂದುಕೊಂಡಿದ್ದೆ. ಅನ್ಯಾಯ ಅನ್ನೋ ಮಾತು ವಾಪಸ್ ತಗೊಳ್ಳುತ್ತೇನೆ. ಶೀರ್ಷಿಕೆಯಲ್ಲೂ ಅದೇ ಪದ ಇತ್ತು, ತೆಗೆದು ಬದಲಾಯಿಸಿದ್ದೇನೆ. ಮತ ಮಾತ್ರ ಬದಲಾಗಿಲ್ಲ.

ಗುಡುಗು ಅವರೇ, ಡಿಫೆನ್ಸ್ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಶೇ ಅಲ್ಲಿ ಮುಂದೆ, ಸಂಶಯವೇ ಇಲ್ಲ. ಆದರೆ ಬುಟ್ಟಿ ಕಾಯುವ ಕೆಲಸಕ್ಕೆ ಅವನ ಪಕ್ಕದಲ್ಲಿ ಲೂ ಡಾರ್ಟ್ ಇದ್ದ, ಜೇಲನ್ ವಿಲಿಯಮ್ಸ್ ಇದ್ದ, ಕರೂಸೋ ಇದ್ದ. ವರ್ಷದ ಅತ್ಯುತ್ತಮ ಡಿಫೆನ್ಸ್ ಆಟಗಾರರ ಪಟ್ಟಿಯಲ್ಲಿ (ಆಲ್-ಡಿಫೆನ್ಸ್) ಡಾರ್ಟ್‌ಗೆ ಮೊದಲ ತಂಡ, ವಿಲಿಯಮ್ಸ್‌ಗೆ ಎರಡನೇ ತಂಡ. ಒಬ್ಬ ತಪ್ಪಿದರೆ ಇನ್ನೊಬ್ಬ ಹಿಡಿಯುತ್ತಿದ್ದ.

ಕೆಳಮನೆ ಸೆಂಟರ್ (ಹಾಸನ), ಜೂನ್ 25

ನನಗೆ ಈಗ 54. ಕಾಲೇಜು ಕಾಲದಲ್ಲಿ ಸೆಂಟರ್ ಜಾಗದಲ್ಲಿ ಆಡುತ್ತಿದ್ದೆ, ಆಮೇಲೆ ಕ್ಲಬ್‌ಗೂ ಆಡಿದೆ. ನಮ್ಮ ಕಡೆಯ ಟೂರ್ನಮೆಂಟ್‌ಗಳಲ್ಲಿ ಒಂದು ಪದ್ಧತಿ ಇತ್ತು. 'ಬೆಸ್ಟ್ ಪ್ಲೇಯರ್' ಕಪ್ ಯಾವಾಗಲೂ ಫೈನಲ್ ಗೆದ್ದ ತಂಡದವನಿಗೇ. ಒಂದು ಸಲ ನಮ್ಮ ತಂಡದ ಗಾರ್ಡ್ ಮೂರು ದಿನ ಜ್ವರದಲ್ಲೇ ಆಡಿದ. ಪ್ರತಿ ಪಂದ್ಯದಲ್ಲೂ ತಂಡದ ಅರ್ಧ ಪಾಯಿಂಟ್ ಅವನದೇ. ಫೈನಲ್‌ನಲ್ಲಿ ಎರಡು ಪಾಯಿಂಟ್‌ನಿಂದ ಸೋತೆವು. ಕಪ್ ಹೋಗಿದ್ದು ಗೆದ್ದ ತಂಡದ ಕ್ಯಾಪ್ಟನ್‌ಗೆ. ಅವನು ಒಳ್ಳೆ ಆಟಗಾರನೇ. ಆದರೆ ಪ್ರೇಕ್ಷಕರಲ್ಲಿ ಯಾರನ್ನು ಕೇಳಿದ್ದರೂ ನಮ್ಮ ಹುಡುಗನ ಹೆಸರನ್ನೇ ಹೇಳುತ್ತಿದ್ದರು. ಬಸ್ಸಿನಲ್ಲಿ ಊರು ಬರುವವರೆಗೂ ಅವನು ಬಾಯಿ ಬಿಡಲಿಲ್ಲ. ಮೂವತ್ತು ವರ್ಷದ ಮೇಲಾಯಿತು, ನನಗೆ ಅದು ಇನ್ನೂ ಮರೆತಿಲ್ಲ.

ಅದಕ್ಕೇ ಈ ಚರ್ಚೆ ಓದಿದ ಮೇಲೆ ಬರೆಯಬೇಕು ಅನಿಸಿತು. ಎನ್‌ಬಿಎಯಲ್ಲೂ ಇದು ಹಳೇ ಜಗಳ. 1961-62 ತಗೊಳ್ಳಿ. ವಿಲ್ಟ್ ಚೇಂಬರ್ಲಿನ್ ಸರಾಸರಿ 50.4 ಪಾಯಿಂಟ್ ಹೊಡೆದ. ಒಂದು ಪಂದ್ಯದಲ್ಲಿ 100 ಹೊಡೆದಿದ್ದೂ ಆ ಸೀಸನ್‌ನಲ್ಲೇ. ಆಸ್ಕರ್ ರಾಬರ್ಟ್‌ಸನ್‌ನ ಟ್ರಿಪಲ್-ಡಬಲ್ ಸರಾಸರಿ ಕೂಡ ಅದೇ ವರ್ಷ. ಎಂವಿಪಿ ಯಾರಿಗೆ ಹೋಯಿತು? ಬಿಲ್ ರಸಲ್‌ಗೆ. ಪಾಯಿಂಟ್ ಸರಾಸರಿ ಇಪ್ಪತ್ತೂ ಇರಲಿಲ್ಲ. ಆದರೆ ಸೆಲ್ಟಿಕ್ಸ್ 80ರಲ್ಲಿ 60 ಗೆದ್ದಿತ್ತು.

ಒಂದು ವಿಷಯ ಗಮನಿಸಿ. ಆಗ ಮತ ಹಾಕುತ್ತಿದ್ದವರು ಪತ್ರಕರ್ತರಲ್ಲ, ಆಟಗಾರರು. 1980ರವರೆಗೂ ಹಾಗೇ ಇತ್ತು. ಜೊತೆಗೆ ಆಡಿ, ಮೈಗೆ ಮೈ ತಾಗಿಸಿ ಗುದ್ದಾಡಿದವರೇ ರಸಲ್ ದೊಡ್ಡವನು ಅಂದರು. ಅಂಕಿಯಲ್ಲಿ ಕಾಣದ ಬೆಲೆಯೂ ಇರುತ್ತದೆ ಅಂತ ನನಗೆ ಅನಿಸಿದ್ದು ಅದನ್ನು ಓದಿದಾಗ. ಸೆಂಟರ್ ಆಗಿ ಆಡಿದವನಿಗೆ ಇದು ಗೊತ್ತು. ಒಳ್ಳೆ ಸ್ಕ್ರೀನ್ ಹಾಕಿ, ಅಂದರೆ ಜೊತೆಗಾರನ ಹಿಂದೆ ಬರುವ ಎದುರಾಳಿಗೆ ಅಡ್ಡವಾಗಿ, ನಿಂತರೆ ಬುಟ್ಟಿಗೆ ಹಾಕಿದವನ ಹೆಸರು ಬರುತ್ತದೆ, ನಿಂತವನ ಹೆಸರು ಎಲ್ಲೂ ಬರುವುದಿಲ್ಲ.

2006 ಕೂಡ ನೆನಪಿದೆ. ಕೋಬಿ ಬ್ರಯಂಟ್ ಸರಾಸರಿ 35.4. ಟೊರಾಂಟೊ ಮೇಲೆ 81 ಹೊಡೆದಿದ್ದು ಆ ವರ್ಷದ ಜನವರಿಯಲ್ಲಿ. ಲೇಕರ್ಸ್ ಗೆದ್ದಿದ್ದು 45. ಎಂವಿಪಿ 54 ಗೆದ್ದ ಫೀನಿಕ್ಸ್‌ನ ಸ್ಟೀವ್ ನ್ಯಾಶ್‌ಗೆ. ಕೋಬಿ ನಾಲ್ಕನೇ ಸ್ಥಾನಕ್ಕೆ ಇಳಿದ. ಆಗ ನನಗೆ ಸಿಟ್ಟು ಬಂದಿತ್ತು. ಈಗ ಹಾಗಲ್ಲ. ನ್ಯಾಶ್ ತಂಡದಲ್ಲಿ ಅಮಾರೆ ಸ್ಟೌಡಮೈರ್ ಮೊಣಕಾಲು ಕೆಟ್ಟು ಆಡಿದ್ದು ಬರೀ ಮೂರು ಪಂದ್ಯ. ಇರುವವರನ್ನೇ ಎತ್ತಿ ನಿಲ್ಲಿಸಿದ ನ್ಯಾಶ್. ಐದೂವರೆ ತಮ್ಮ, ನಿನ್ನ ಯೊಕಿಚ್ ವಾದ ಅಂದಿನ ನ್ಯಾಶ್ ವಾದದ ಹಾಗೇ ಇದೆ.

ಗುಡುಗು, ಜೂನ್ 25

ಸರ್, ನಿಮ್ಮ ತಂಡದ ಆ ಹುಡುಗನ ಕಥೆ ಓದಿ ಬೇಜಾರಾಯಿತು. ಆದರೆ ಶೇ ಆ ಕ್ಯಾಪ್ಟನ್ ಥರ ಅಲ್ಲ. ಗೆದ್ದ ತಂಡದಲ್ಲಿ ಇದ್ದ ಅಂತ ಕೊಟ್ಟಿದ್ದಲ್ಲ. ಮತದಾನ ಪ್ಲೇಆಫ್ (ಲೀಗ್ ಹಂತದ ನಂತರ ಕಪ್‌ಗಾಗಿ ನಡೆಯುವ ಸುತ್ತುಗಳು) ಶುರುವಾಗುವ ಮೊದಲೇ ಮುಗಿದಿತ್ತು. ಕಪ್ ಯಾರಿಗೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಕೆಲವರು 'ಬರೀ ಫ್ರೀ ಥ್ರೋ ಆಟಗಾರ' ಅಂತ ಅವನನ್ನು ಬೈಯುತ್ತಾರೆ, ಅದಕ್ಕೂ ಉತ್ತರ ಹೇಳುತ್ತೇನೆ. ಅವನಿಗೆ ಸಿಕ್ಕಿದ್ದು ಪಂದ್ಯಕ್ಕೆ ಸರಾಸರಿ 8.8 ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಯಾರೂ ತಡೆಯದ ಶಾಟ್). ಯಾನಿಸ್‌ಗೆ ಅದಕ್ಕಿಂತ ಜಾಸ್ತಿ ಸಿಕ್ಕಿದೆ. ಚೆಂಡು ಹಿಡಿದು ಬುಟ್ಟಿಯ ಕಡೆ ನುಗ್ಗುವವರ ಪಟ್ಟಿಯಲ್ಲಿ ಶೇ ವರ್ಷಗಳಿಂದ ಮೇಲೇ ಇದ್ದಾನೆ. ಅಷ್ಟು ಸಲ ನುಗ್ಗಿದವನಿಗೆ ಫೌಲ್ ಆಗದೆ ಇರುತ್ತದಾ?

ಡಾಲಸ್ ಅಕ್ಕ, ಜೂನ್ 25

ನಮ್ಮೂರು ತುಮಕೂರು. 14 ವರ್ಷದಿಂದ ಡಾಲಸ್ ಪಕ್ಕದ ಪ್ಲೇನೊದಲ್ಲಿ ಇದ್ದೇವೆ. ಫೆಬ್ರವರಿ ಮೊದಲ ವಾರ ಲೂಕಾ ಡಾನ್ಸಿಕ್‌ನನ್ನು ಲೇಕರ್ಸ್‌ಗೆ ಕೊಟ್ಟು ಆಂಥನಿ ಡೇವಿಸ್‌ನನ್ನು ತಂದಾಗ ನನ್ನ ಮಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. 77 ನಂಬರಿನ ಜರ್ಸಿ ಈಗಲೂ ಮಂಚದ ಮೇಲೇ ಇದೆ.

ನೀವೆಲ್ಲ ಯಾರು ದೊಡ್ಡವರು ಅಂತ ಮಾತಾಡುತ್ತಿದ್ದೀರಿ. ಈ ಪ್ರಶಸ್ತಿಗಳ ಜೊತೆ ದುಡ್ಡು ಕಟ್ಟಿಹಾಕಿದ್ದಾರೆ, ನನಗೆ ಅದರ ಬಗ್ಗೆ ಕೇಳಬೇಕು. ಏಳರಿಂದ ಒಂಬತ್ತು ವರ್ಷ ಆಡಿದ ಆಟಗಾರನಿಗೆ ಸಾಮಾನ್ಯವಾಗಿ ತಂಡದ ಸ್ಯಾಲರಿ ಕ್ಯಾಪ್‌ನ (ಸಂಬಳದ ಖರ್ಚಿಗೆ ಲೀಗ್ ಇಟ್ಟ ಮಿತಿ) 30 ಶೇಕಡಾದವರೆಗೆ ಕೊಡಬಹುದು. ಆಲ್-ಎನ್‌ಬಿಎ ತಂಡದಲ್ಲಿ (ವರ್ಷದ ಅತ್ಯುತ್ತಮ ಆಟಗಾರರ ಪಟ್ಟಿ) ಹೆಸರು ಬಂದರೆ, ಅಥವಾ ಎಂವಿಪಿ ಇಲ್ಲವೇ ವರ್ಷದ ಡಿಫೆನ್ಸ್ ಆಟಗಾರ ಆದರೆ, ಅದು 35 ಶೇಕಡಾಕ್ಕೆ ಏರುತ್ತದೆ. ಇದನ್ನೇ ಸೂಪರ್‌ಮ್ಯಾಕ್ಸ್ ಅನ್ನುತ್ತಾರೆ. ಅದನ್ನು ಕೊಡುವ ಹಕ್ಕು ಇರುವುದು ಸಾಮಾನ್ಯವಾಗಿ ಮೊದಲಿನಿಂದ ಸಾಕಿದ ತಂಡಕ್ಕೆ ಮಾತ್ರ. ಲೂಕಾ ಡಾಲಸ್‌ನಲ್ಲೇ ಇದ್ದಿದ್ದರೆ ಐದು ವರ್ಷಕ್ಕೆ ಸುಮಾರು 34.5 ಕೋಟಿ ಡಾಲರ್ ಸಿಗುವ ದಾರಿ ಇತ್ತು. ಟ್ರೇಡ್ ಆದ ದಿನವೇ ಆ ದಾರಿ ಮುಚ್ಚಿತು.

ಮತ ಹಾಕುವವರು ಯಾರು? ಪತ್ರಕರ್ತರು. ಅವರು ತಂಡಗಳ ಬಗ್ಗೆ ದಿನಾ ಬರೆಯುವವರು, ಆಟಗಾರರ ಜೊತೆ ದಿನಾ ಮಾತಾಡುವವರು. ಒಬ್ಬ ಆಟಗಾರನಿಗೆ ಕೋಟಿಗಟ್ಟಲೆ ಸಿಗುತ್ತದೋ ಇಲ್ಲವೋ ಅನ್ನೋದು ಅವರ ಪಟ್ಟಿಯ ಮೇಲೆ ನಿಂತಿದೆ. ಅವರಿಗೂ ಅದು ಭಾರ, ಆಟಗಾರನಿಗೂ ಭಾರ. ನನಗೆ ಇದು ಸ್ವಲ್ಪವೂ ಸರಿ ಕಾಣುವುದಿಲ್ಲ.

ಲೆಕ್ಕದ ಮೇಷ್ಟ್ರು, ಜೂನ್ 25

ಅಕ್ಕ ಹೇಳಿದ್ದಕ್ಕೆ ಅಂಕಿ ಸೇರಿಸುತ್ತೇನೆ. 2024-25ರ ಕ್ಯಾಪ್ ಸುಮಾರು 14.06 ಕೋಟಿ ಡಾಲರ್. ಅದರ 30 ಶೇಕಡಾ ಅಂದರೆ 4.2 ಕೋಟಿ, 35 ಶೇಕಡಾ ಅಂದರೆ 4.9 ಕೋಟಿ. ಮೊದಲ ವರ್ಷವೇ 70 ಲಕ್ಷ ಡಾಲರ್ ವ್ಯತ್ಯಾಸ. ಐದು ವರ್ಷಕ್ಕೆ ಎಷ್ಟಾಗುತ್ತದೆ ಯೋಚಿಸಿ.

ಇದರ ಜೊತೆ 65 ಪಂದ್ಯಗಳ ನಿಯಮವನ್ನೂ ಸೇರಿಸಿ ನೋಡಬೇಕು. 2023-24ರಿಂದ ಬಂದಿದೆ. ಎಂವಿಪಿ, ಆಲ್-ಎನ್‌ಬಿಎ ಥರದ ದೊಡ್ಡ ಗೌರವ ಬೇಕಾದರೆ 65 ಪಂದ್ಯ ಆಡಿರಲೇಬೇಕು. ಸುಮ್ನೆ ಬಂದು ಐದು ನಿಮಿಷ ಆಡಿ ಹೋದರೆ ನಡೆಯುವುದಿಲ್ಲ. ಕನಿಷ್ಠ 20 ನಿಮಿಷ ಆಡಿರಬೇಕು, ಎರಡೇ ಪಂದ್ಯಕ್ಕೆ 15 ನಿಮಿಷದ ರಿಯಾಯಿತಿ. ವರ್ಷದ ಹೊಸ ಆಟಗಾರ, ಸಿಕ್ಸ್ತ್ ಮ್ಯಾನ್ (ಬೆಂಚಿನಿಂದ ಬಂದು ಆಡುವವನಿಗೆ ಕೊಡುವುದು) ಥರದ ಕೆಲವು ಪ್ರಶಸ್ತಿಗಳಿಗೆ ಈ ನಿಯಮ ಇಲ್ಲ.

ನಿಯಮ ಬಂದ ಮೊದಲ ವರ್ಷವೇ ಟೈರೀಸ್ ಹ್ಯಾಲಿಬರ್ಟನ್ ತೊಡೆಯ ಹಿಂಭಾಗದ ಸ್ನಾಯು ನೋವಿನಿಂದ ಹೊರಗೆ ಕೂತಿದ್ದ. ಆಲ್-ಎನ್‌ಬಿಎ ಬಂದರೆ ಅವನಿಗೆ ಐದು ವರ್ಷಕ್ಕೆ ಸುಮಾರು 4.1 ಕೋಟಿ ಡಾಲರ್ ಜಾಸ್ತಿ ಸಿಗುವುದಿತ್ತು. ವಾಪಸ್ ಬಂದ, 69 ಪಂದ್ಯ ಆಡಿದ, ಮೂರನೇ ತಂಡದಲ್ಲಿ ಹೆಸರು ಬಂತು. ಅದೇ ಚಳಿಗಾಲದಲ್ಲಿ ಜೋಯೆಲ್ ಎಂಬೀಡ್ ಮೊಣಕಾಲು ಸರಿಯಿಲ್ಲದೆ ಗೋಲ್ಡನ್ ಸ್ಟೇಟ್ ವಿರುದ್ಧ ಆಡಿ ಇನ್ನಷ್ಟು ಪೆಟ್ಟು ಮಾಡಿಕೊಂಡ. ಎಂಟು ದಿನದ ಹಿಂದೆ ಅಷ್ಟೇ 70 ಪಾಯಿಂಟ್ ಹೊಡೆದಿದ್ದವನು. ನಿಯಮದ ಒತ್ತಡಕ್ಕೇ ಆಡಿದ ಅಂತ ನಾನು ಹೇಳುವುದಿಲ್ಲ. ಆದರೆ ಆವತ್ತು ಎಲ್ಲರ ಬಾಯಲ್ಲೂ ಅದೇ ಪ್ರಶ್ನೆ ಇತ್ತು.

ಕೆಳಮನೆ ಸೆಂಟರ್, ಜೂನ್ 25

ನಿಯಮ ಬೇಕು ಮೇಷ್ಟ್ರೇ. ಟಿಕೆಟ್ ತಗೊಂಡು ಮಕ್ಕಳನ್ನು ಕರೆದುಕೊಂಡು ಬಂದವರು ಸ್ಟಾರ್ ಆಟಗಾರ ಕೋಟು ಹಾಕಿಕೊಂಡು ಬೆಂಚಲ್ಲಿ ಕೂತಿದ್ದನ್ನು ಎಷ್ಟು ಸಲ ನೋಡಬೇಕು? ಮೈ ಸರಿಯಿದ್ದರೂ 'ವಿಶ್ರಾಂತಿ' ಅಂತ ಕೂರಿಸುವುದು ಜಾಸ್ತಿ ಆಗಿತ್ತು.

ಡಾಲಸ್ ಅಕ್ಕ, ಜೂನ್ 25

ಅಣ್ಣ, ನಾವೂ ಹಾಗೆ ಮೋಸ ಹೋಗಿದ್ದೇವೆ, ಒಪ್ಪುತ್ತೇನೆ. ಆದರೆ ವಿಶ್ರಾಂತಿ ಬೇರೆ, ಕಾಯಿಲೆ ಬೇರೆ. ಸ್ಯಾನ್ ಆಂಟೋನಿಯೊದ ವಿಕ್ಟರ್ ವೆಂಬನ್ಯಾಮಾನನ್ನು ನೋಡಿ. ಬಲ ಭುಜದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಫೆಬ್ರವರಿಗೇ ಸೀಸನ್ ಮುಗಿಯಿತು. 21 ವರ್ಷದ ಹುಡುಗ. ಅವನಿಗೂ ಅದೇ 65 ಪಂದ್ಯದ ನಿಯಮ.

ತ್ರೀ ಪಾಯಿಂಟ್ (ಮಂಗಳೂರು), ಜೂನ್ 25

ವೆಂಬಿ ಹೆಸರು ಬಂತಲ್ಲ, ನಾನು ಕಾಯುತ್ತಾ ಇದ್ದೆ. ವರ್ಷದ ಡಿಫೆನ್ಸ್ ಆಟಗಾರ ಪ್ರಶಸ್ತಿ ಕ್ಲೀವ್‌ಲ್ಯಾಂಡ್‌ನ ಇವಾನ್ ಮೋಬ್ಲಿಗೆ ಹೋಯಿತು. 100ರಲ್ಲಿ 35 ಮೊದಲ ಮತ. ಎರಡನೆಯವನು ಅಟ್ಲಾಂಟಾದ ಡೈಸನ್ ಡೇನಿಯಲ್ಸ್, ಮೂರನೆಯವನು ಡ್ರೇಮಂಡ್ ಗ್ರೀನ್. ಮತ ಇಷ್ಟು ಚದುರಿದ್ದು ಯಾಕೆ ಅಂದರೆ ಎಲ್ಲರಿಗೂ ಗೊತ್ತಿದ್ದ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ವೆಂಬಿ 46 ಪಂದ್ಯ ಆಡಿ ಸರಾಸರಿ 3.8 ಬ್ಲಾಕ್. ಸರಾಸರಿ ಬಿಡಿ, ಸೀಸನ್‌ನ ಒಟ್ಟು ಬ್ಲಾಕ್ ಲೆಕ್ಕ ಹಾಕಿದರೂ ಅವನೇ ಮುಂದೆ. ಉಳಿದವರು ಇನ್ನೂ ಎರಡು ತಿಂಗಳು ಆಡಿಯೂ ಅವನನ್ನು ಹಿಡಿಯಲು ಆಗಲಿಲ್ಲ.

ನನ್ನ ಮತ ಡೇನಿಯಲ್ಸ್‌ಗೆ. 229 ಸ್ಟೀಲ್, ಪಂದ್ಯಕ್ಕೆ 3. ಸೀಸನ್‌ಗೆ ಇಷ್ಟು ಸ್ಟೀಲ್ 1995-96ರಲ್ಲಿ ಗ್ಯಾರಿ ಪೇಟನ್ 231 ಮಾಡಿದ ಮೇಲೆ ಯಾರಿಗೂ ಬಂದಿರಲಿಲ್ಲ. ಎದುರಾಳಿಯ ಒಳ್ಳೆ ಗಾರ್ಡ್ ಯಾರೋ ಅವರ ಮೇಲೆ ಅವನನ್ನೇ ಬಿಡುತ್ತಿದ್ದರು.

ಕೆಳಮನೆ ಸೆಂಟರ್, ಜೂನ್ 26

ಸ್ಟೀಲ್ ಕಣ್ಣಿಗೆ ಕಾಣುತ್ತದೆ ತಮ್ಮ. ಮೋಬ್ಲಿ ಮಾಡುವುದು ಕಣ್ಣಿಗೆ ಕಾಣುವುದಿಲ್ಲ. ಗಾರ್ಡ್ ನುಗ್ಗಿ ಬರುತ್ತಾನೆ, ಮೋಬ್ಲಿ ಕೈ ಎತ್ತಿ ನಿಂತಿರುವುದು ನೋಡುತ್ತಾನೆ, ಶಾಟ್ ಹಾಕದೆ ಚೆಂಡು ವಾಪಸ್ ಹೊರಗೆ ಕೊಡುತ್ತಾನೆ. ಇದಕ್ಕೆ ಯಾವ ಅಂಕಿಯೂ ಇಲ್ಲ. ದೊಡ್ಡವರ ಎದುರೂ ನಿಲ್ಲುತ್ತಾನೆ, ಹೊರಗೆ ಬಂದು ಸಣ್ಣ ಗಾರ್ಡ್‌ಗಳ ಜೊತೆಯೂ ಓಡುತ್ತಾನೆ. ಕ್ಲೀವ್‌ಲ್ಯಾಂಡ್ 64 ಪಂದ್ಯ ಗೆದ್ದಿದ್ದರಲ್ಲಿ ಅವನ ಪಾಲು ದೊಡ್ಡದು. ನನ್ನ ಮತ ಮೋಬ್ಲಿಗೆ, ಎರಡು ಮಾತಿಲ್ಲ.

ತ್ರೀ ಪಾಯಿಂಟ್, ಜೂನ್ 26

ಆಯ್ತು ಸರ್, ಸೆಂಟರ್ ಕಣ್ಣಿಂದ ನೋಡಿದರೆ ಹಾಗೆ ಕಾಣುತ್ತದೆ, ಗೌರವಿಸುತ್ತೇನೆ. ಇನ್ನು ಡೇನಿಯಲ್ಸ್‌ಗೆ ಬಂದ ಇನ್ನೊಂದು ಪ್ರಶಸ್ತಿ ಇದೆಯಲ್ಲ, ಜಾಸ್ತಿ ಸುಧಾರಿಸಿದ ಆಟಗಾರ. ಅದರಲ್ಲಿ ಮಾತ್ರ ನಾನು ಅವನ ವಿರುದ್ಧ! ನ್ಯೂ ಆರ್ಲೀನ್ಸ್‌ನಲ್ಲಿ ಅವನಿಗೆ ಸಿಗುತ್ತಿದ್ದಿದ್ದು 22 ನಿಮಿಷ. ಅಟ್ಲಾಂಟಾಕ್ಕೆ ಬಂದ ಮೇಲೆ ಸುಮಾರು 34. 5.8 ಪಾಯಿಂಟ್ ಇದ್ದದ್ದು 14.1 ಆಯಿತು. ಆಟ ಬೆಳೆದಿದೆ, ಇಲ್ಲ ಅನ್ನಲ್ಲ. ಆದರೆ ಅರ್ಧದಷ್ಟು ಬದಲಾವಣೆ ಸಮಯ ಸಿಕ್ಕಿದ್ದರಿಂದಲೇ.

ಕೇಡ್ ಕನ್ನಿಂಗ್‌ಹ್ಯಾಮ್ ಹಾಗಲ್ಲ. ಮೊದಲೂ ಅವನೇ ಡೆಟ್ರಾಯಿಟ್‌ನ ಆಧಾರ, ಈಗಲೂ ಅವನೇ. ಹಿಂದಿನ ವರ್ಷ ಆ ತಂಡ 14 ಗೆದ್ದು 68 ಸೋತಿತ್ತು. ಈ ವರ್ಷ 44 ಗೆಲುವು. ಒಂದೇ ವರ್ಷದಲ್ಲಿ ಮೂರು ಪಟ್ಟು! ಅವನ ಸರಾಸರಿ 26.1 ಪಾಯಿಂಟ್, 9.1 ಅಸಿಸ್ಟ್. ಒಳ್ಳೆಯವನು ಇನ್ನೂ ಒಳ್ಳೆಯವನಾಗುವುದೇ ಎಲ್ಲಕ್ಕಿಂತ ಕಷ್ಟ. ಅವನಿಗೆ ಮೂರನೇ ಸ್ಥಾನ ಕೊಟ್ಟರು. ಎರಡನೆಯದು ಕ್ಲಿಪ್ಪರ್ಸ್‌ನ ಜುಬಾಟ್ಸ್‌ಗೆ.

ಗುಡುಗು, ಜೂನ್ 26

ಕೇಡ್ ವಿಷಯದಲ್ಲಿ ನಾನೂ ನಿಮ್ಮ ಜೊತೆ. ಆದರೆ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಆರಿಸುವುದು) ಮೊದಲನೆಯವನಾಗಿ ಬಂದವನು ಬೆಳೆಯಲೇಬೇಕಲ್ಲ ಅಂತ ಮತ ಹಾಕುವವರು ಯೋಚಿಸುತ್ತಾರೆ.

ಉಳಿದ ಪ್ರಶಸ್ತಿಗಳಲ್ಲಿ ಜಗಳ ಇಲ್ಲ ಅಂದುಕೊಂಡಿದ್ದೇನೆ. ಸಿಕ್ಸ್ತ್ ಮ್ಯಾನ್ ಬಾಸ್ಟನ್‌ನ ಪೇಟನ್ ಪ್ರಿಚರ್ಡ್, 100ರಲ್ಲಿ 82 ಮತ. ಹೊಸ ಆಟಗಾರ ಸ್ಯಾನ್ ಆಂಟೋನಿಯೊದ ಸ್ಟೆಫಾನ್ ಕ್ಯಾಸಲ್. ಕೊನೇ ನಿಮಿಷಗಳ ಆಟಕ್ಕೆ ಕೊಡುವ ಕ್ಲಚ್ ಪ್ರಶಸ್ತಿ ನ್ಯೂಯಾರ್ಕ್‌ನ ಜೇಲನ್ ಬ್ರನ್ಸನ್. ವರ್ಷದ ಕೋಚ್ ಕ್ಲೀವ್‌ಲ್ಯಾಂಡ್‌ನ ಕೆನ್ನಿ ಆಟ್ಕಿನ್‌ಸನ್. ಎಲ್ಲ ಸರಿ.

ಕಂಠೀರವ ಹುಡುಗಿ (ಬೆಂಗಳೂರು), ಜೂನ್ 26

ಎಲ್ಲರಿಗೂ ನಮಸ್ಕಾರ, ಎರಡು ದಿನದಿಂದ ಓದುತ್ತಾ ಇದ್ದೆ. 2017ರಲ್ಲಿ ಮಹಿಳಾ ಏಷ್ಯಾ ಕಪ್ ನಮ್ಮ ಕಂಠೀರವದಲ್ಲಿ ನಡೆಯಿತು. ಭಾರತ ಬಿ ಡಿವಿಷನ್ ಗೆದ್ದಿತು. ಆಗ ನಾನು ಹೈಸ್ಕೂಲು. ಅಪ್ಪನ ಜೊತೆ ಮೇಲಿನ ಸಾಲಲ್ಲಿ ಕೂತು ನೋಡಿದ್ದು. ಅವತ್ತಿಂದ ಬ್ಯಾಸ್ಕೆಟ್‌ಬಾಲ್ ಬಿಟ್ಟಿಲ್ಲ.

ಅಮೆರಿಕದ ಹುಡುಗಿಯರ ಲೀಗ್ (ಡಬ್ಲ್ಯೂಎನ್‌ಬಿಎ) ಬಗ್ಗೆ ಒಬ್ಬರೂ ಮಾತೆತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಎಂವಿಪಿ ಜಗಳಕ್ಕೆ ಅಲ್ಲಿ ಒಂದು ಒಳ್ಳೆ ಉದಾಹರಣೆ ಇದೆ. 2024ರಲ್ಲಿ ಲಾಸ್ ವೇಗಸ್ ಏಸಸ್‌ನ ಎಜಾ ವಿಲ್ಸನ್‌ಗೆ ಮತ ಹಾಕಿದ 67 ಜನರೂ ಮೊದಲ ಸ್ಥಾನ ಕೊಟ್ಟರು. ಸರಾಸರಿ 26.9 ಪಾಯಿಂಟ್, 11.9 ರೀಬೌಂಡ್. ಒಂದೇ ಸೀಸನ್‌ನಲ್ಲಿ ಸಾವಿರ ಪಾಯಿಂಟ್ ದಾಟಿದ ಮೊದಲನೆಯವಳು. ಆದರೆ ಏಸಸ್ ಆ ವರ್ಷ ಲೀಗ್ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿ ಇರಲಿಲ್ಲ. ಮೇಲೆ ಇದ್ದಿದ್ದು ನ್ಯೂಯಾರ್ಕ್. ಆದರೂ ಒಬ್ಬರೂ ಬೇರೆ ಹೆಸರು ಬರೆಯಲಿಲ್ಲ. ಅಂದರೆ ತಂಡದ ಸ್ಥಾನ ನೋಡದೆ ಆಟಗಾರಳನ್ನೇ ನೋಡಿ ಮತ ಹಾಕಲು ಆಗುತ್ತದೆ.

ಕೇಟ್ಲಿನ್ ಕ್ಲಾರ್ಕ್‌ಗೆ ಹೊಸ ಆಟಗಾರ್ತಿ ಪ್ರಶಸ್ತಿಯಲ್ಲಿ 67ರಲ್ಲಿ 66 ಬಂತು. ಉಳಿದ ಒಂದು ಏಂಜಲ್ ರೀಸ್‌ಗೆ. ಆ ಒಬ್ಬರ ಮೇಲೆ ಜನ ಎಷ್ಟು ಕೂಗಾಡಿದರು! ನನಗೆ ಅದು ತಪ್ಪು ಅನಿಸಿತು. ರೀಬೌಂಡ್‌ನಲ್ಲಿ ರೀಸ್ ಮಾಡಿದ್ದು ಸಣ್ಣ ಕೆಲಸ ಅಲ್ಲ. ಮತ ಅಂದಮೇಲೆ ಒಂದು ಬೇರೆ ಬೀಳಬಹುದು.

ಬೆಳಗಿನ ಐದೂವರೆ, ಜೂನ್ 26

ತಂಗಿ, ನೀನು ಕೊಟ್ಟ ಉದಾಹರಣೆ ಸರಿಯಾದ ಜಾಗಕ್ಕೆ ಬಿತ್ತು. ನಾನು ಮೊದಲ ದಿನದಿಂದ ಹೇಳಲು ಒದ್ದಾಡುತ್ತಿದ್ದದ್ದು ಇದೇ. ತಂಡ ಮೊದಲ ಸ್ಥಾನಕ್ಕೆ ಬಂದರೆ ಅದಕ್ಕೆ ಬೇರೆ ಬಹುಮಾನ ಇದೆ. ತವರಿನ ಕೋರ್ಟ್‌ನಲ್ಲಿ ಏಳನೇ ಪಂದ್ಯ ಸಿಗುತ್ತದೆ, ಕಪ್ ಹತ್ತಿರವಾಗುತ್ತದೆ. ಅದೇ ಗೆಲುವನ್ನು ಎಂವಿಪಿಗೂ ಎಣಿಸಿದರೆ ಎರಡು ಸಲ ಎಣಿಸಿದ ಹಾಗೆ.

ಗುಡುಗು, ಜೂನ್ 26

ಅಣ್ಣ, ಒಂದೇ ಪ್ರಶ್ನೆ. ಬೇಜಾರು ಮಾಡಿಕೊಳ್ಳಬೇಡಿ. ಮೇ 18, ಎರಡನೇ ಸುತ್ತಿನ ಏಳನೇ ಪಂದ್ಯ. ಎದುರುಬದುರು ಇದ್ದವರು ಇವರಿಬ್ಬರೇ. ಒಕ್ಲಹೋಮಾ 125, ಡೆನ್ವರ್ 93. ಶೇ 35 ಹೊಡೆದ. ಯೊಕಿಚ್ 20. ಅದನ್ನು ನೋಡಿದ ಮೇಲೂ ನಿಮ್ಮ ಮನಸ್ಸು ಬದಲಾಗಲಿಲ್ಲವೇ?

ಬೆಳಗಿನ ಐದೂವರೆ, ಜೂನ್ 27

ಇಲ್ಲ ಮಾರಾಯ, ಬದಲಾಗಲಿಲ್ಲ. ಆ ಬೆಳಿಗ್ಗೆ ಬಹಳ ಬೇಜಾರಾಗಿತ್ತು, ಅದು ನಿಜ. ಕರೂಸೋ ತನಗಿಂತ ಅರ್ಧ ಅಡಿ ಎತ್ತರದ ಯೊಕಿಚ್‌ಗೆ ಅಂಟಿಕೊಂಡು, ಮುಂದೆ ಬಂದು ಪಾಸ್ ತಡೆದು, ಚೆಂಡು ಸಿಗದ ಹಾಗೆ ಮಾಡಿದ. ಅವನು ದಣಿದಾಗ ಇನ್ನೊಬ್ಬ ಬಂದ. ಯೊಕಿಚ್ ದಣಿದಾಗ ಯಾರು ಬರಬೇಕಿತ್ತು? ಆ ಪಂದ್ಯದಲ್ಲಿ ನನಗೆ ಕಂಡಿದ್ದು ಅದೇ. ಶೇ ಕಡಿಮೆ ಅಂತ ನಾನು ಎಂದೂ ಹೇಳಿಲ್ಲ. ಅಂಕದಲ್ಲಿ ಮೊದಲು, ಎಂವಿಪಿ, ಫೈನಲ್ ಎಂವಿಪಿ, ಮೂರನ್ನೂ ಒಂದೇ ವರ್ಷ ಗೆದ್ದವರು ಕರೀಮ್ ಅಬ್ದುಲ್-ಜಬ್ಬಾರ್, ಮೈಕಲ್ ಜೋರ್ಡನ್, ಶಾಕಿಲ್ ಓನೀಲ್ ಬಿಟ್ಟರೆ ಇವನೇ. ಆ ಸಾಲಿಗೆ ಸೇರಿದವನನ್ನು ಕಡಿಮೆ ಅನ್ನಲು ಆಗುತ್ತದಾ?

ಕೆಳಮನೆ ಸೆಂಟರ್, ಜೂನ್ 27

ಎಂವಿಪಿ ಲೆಕ್ಕಕ್ಕೆ ಪ್ಲೇಆಫ್ ಸೇರಿಸಬಾರದು, ಈಗ ಇರುವ ಹಾಗೇ ಇರಲಿ. ಏಳು ಪಂದ್ಯದಲ್ಲಿ ಒಬ್ಬ ಕಾಲು ಉಳುಕಿಸಿಕೊಂಡರೆ ಆರು ತಿಂಗಳ ಕೆಲಸ ನೀರಿಗೆ ಹೋಗಬಾರದು. ಹ್ಯಾಲಿಬರ್ಟನ್ ಪಾಡು ಫೈನಲ್‌ನಲ್ಲಿ ನೋಡಿದೆವಲ್ಲ. ಏಳನೇ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲೇ ಹಿಮ್ಮಡಿಯ ಸ್ನಾಯುರಜ್ಜು ಹರಿದು ನೆಲಕ್ಕೆ ಬಿದ್ದ. ಕೋರ್ಟ್‌ಗೆ ಕೈ ಬಡಿಯುತ್ತಿದ್ದ. ನನಗೆ ಟಿವಿ ನೋಡಲು ಆಗಲಿಲ್ಲ, ಎದ್ದು ಹೊರಗೆ ಹೋದೆ.

ಡಾಲಸ್ ಅಕ್ಕ, ಜೂನ್ 27

ಹೌದು ಅಣ್ಣ. ಆ ಹುಡುಗ ಇನ್ನು ಒಂದು ವರ್ಷ ಆಡುವುದು ಕಷ್ಟ ಅಂತ ಎಲ್ಲರೂ ಹೇಳುತ್ತಿದ್ದಾರೆ. ಬೇಗ ಗುಣವಾಗಲಿ.

ನನ್ನ ಮತ ಕೊನೆಗೂ ಹೇಳಿಬಿಡುತ್ತೇನೆ. ಮೊದಲು ಯೊಕಿಚ್, ಎರಡನೆಯದು ಶೇ, ಮೂರು ಯಾನಿಸ್. ನನ್ನ ಮಗನದು ಶೇ ಮೊದಲು. ನಿನ್ನೆ ರಾತ್ರಿ ಊಟದ ಹೊತ್ತಲ್ಲಿ ಇದೇ ಮಾತು. ಸಾರು ತಣ್ಣಗಾಯಿತು.

ಲೆಕ್ಕದ ಮೇಷ್ಟ್ರು, ಜೂನ್ 27

ಇಲ್ಲಿ ಮತ ಹೇಳಿದವರನ್ನು ಎಣಿಸಿದೆ. ಯೊಕಿಚ್‌ಗೆ ಐದೂವರೆ, ಅಕ್ಕ, ನಾನು. ಶೇ ಅವರಿಗೆ ಗುಡುಗು ಮತ್ತು ಅಕ್ಕನ ಮಗ. ಹಾಸನದ ಸರ್, ಮಂಗಳೂರಿನವರು, ಕಂಠೀರವದ ತಂಗಿ ಇನ್ನೂ ಹೇಳಿಲ್ಲ.

ಕಂಠೀರವ ಹುಡುಗಿ, ಜೂನ್ 27

ನನ್ನದು ಶೇಗೆ ಸರ್. ಎಜಾ ಉದಾಹರಣೆ ಕೊಟ್ಟೆ ಅಂತ ಎಲ್ಲರೂ ನನ್ನನ್ನು ಯೊಕಿಚ್ ಕಡೆ ಅಂದುಕೊಂಡಿರಬೇಕು. ತಂಡದ ಗೆಲುವು ಎಣಿಸದೆ ನೋಡಿದರೂ ನನಗೆ ಶೇನೇ ಮುಂದೆ ಕಾಣುತ್ತಾನೆ, ಡಿಫೆನ್ಸ್ ಕಾರಣಕ್ಕೆ. ನಾನೂ ಗಾರ್ಡ್. 35 ನಿಮಿಷ ಚೆಂಡು ಕೈಯಲ್ಲಿಟ್ಟುಕೊಂಡು ಆಮೇಲೆ ಹಿಂದಕ್ಕೆ ಓಡಿ ಎದುರಾಳಿಯನ್ನು ಹಿಡಿಯುವುದು ಎಷ್ಟು ಕಷ್ಟ ಅಂತ ಮೈಗೆ ಗೊತ್ತು.

ಕೆಳಮನೆ ಸೆಂಟರ್, ಜೂನ್ 27

ನಾನು ಸೆಂಟರ್, ನನ್ನ ಮತ ಸೆಂಟರ್‌ಗೆ. ಮೇಷ್ಟ್ರೇ, ನಾಲ್ಕು ಮೂರು ಅಂತ ಬರೆದುಕೊಳ್ಳಿ. ಮಂಗಳೂರಿನ ತಮ್ಮ ಎಲ್ಲಿ?